ನಮ್ಮ ಹೆದ್ದಾರಿಯ ತುದಿಯಲ್ಲಿ ಆಡಿಹೋದ ಹಾಕಿ ತಂಡ

ಕ್ರೀಡಾ ಕೋಟಾದ ನೇಮಕಾತಿ ಪ್ರಕಟಣೆ ಓದುವುದು ನನಗೀಗ ಚಟವೇ ಆಗಿದೆ. ಕೇಂದ್ರ ಸರ್ಕಾರ ಮಾನ್ಯ ಮಾಡಿರುವ ಆಟಗಳ ಪಟ್ಟಿಯಲ್ಲಿ ಹಾಕಿಯ ಪಕ್ಕದಲ್ಲೇ ‘ಐಸ್ ಹಾಕಿ’ ಎಂದೂ ಇದೆ. ಮೇ ತಿಂಗಳ ಮಧ್ಯಾಹ್ನ ಹುಮನಾಬಾದ್ ಬಸ್ ನಿಲ್ದಾಣದಲ್ಲಿ ನಿಂತು ಅದನ್ನು ಮೊಬೈಲಿನಲ್ಲಿ ಓದಿದಾಗ ನಗು ತಡೆಯಲಾಗಲಿಲ್ಲ. ನಮ್ಮ ಕಡೆ ಐಸ್ ಕಾಣುವುದು ಕಬ್ಬಿನ ಹಾಲಿನ ಗಾಡಿಯಲ್ಲಿ ಮಾತ್ರ! ಲಡಾಖಿನಲ್ಲಿ ಚಳಿಗಾಲಕ್ಕೆ ಹೆಪ್ಪುಗಟ್ಟಿದ ನೀರಿನ ಮೇಲೆ ಇದನ್ನು ಆಡುತ್ತಾರೆ. ಕೆನಡಾದಲ್ಲಂತೂ ಬರೀ ‘ಹಾಕಿ’ ಎಂದರೆ ಇದೇ. ಅಲ್ಲಿನ ಮಾಂಟ್ರಿಯಲ್ ಕೆನೇಡಿಯನ್ಸ್ ಎಂಬ ವೃತ್ತಿಪರ ತಂಡ 1909ರಿಂದ ಇಂದಿನವರೆಗೆ ಆಡುತ್ತಲೇ ಇದೆ.

ಹಾಗಾದರೆ ಕರ್ನಾಟಕದ ವೃತ್ತಿಪರ ಹಾಕಿ ತಂಡ ಯಾವುದು? ಬಸವಕಲ್ಯಾಣದ ಗೆಳೆಯರನ್ನು ಕೇಳಿದೆ. ಬೆಂಗಳೂರು ಬುಲ್ಸ್ ಅಂದ ಒಬ್ಬ. ಅದು ಕಬಡ್ಡಿ. ಉತ್ತರ ಸಿಕ್ಕಿದ್ದು ನಮ್ಮ ಕಾಕಾನ ಹತ್ತಿರ.

ಕಾಕಾ ಆಗ ಹೈದರಾಬಾದಿಗೆ ಕಟ್ಟಡ ಕೆಲಸಕ್ಕೆ ಹೋಗುತ್ತಿದ್ದರು. ನಮಗೆ ಬೆಂಗಳೂರು ಎಂದರೆ ರಾತ್ರಿಯಿಡೀ ಪ್ರಯಾಣ. ಹೈದರಾಬಾದಾದರೆ ಸಸ್ತಾಪುರ ಬಂಗ್ಲಾದಲ್ಲಿ ಬಸ್ ಹತ್ತಿದರೆ ಹುಮನಾಬಾದ್, ಜಹೀರಾಬಾದ್ ದಾಟಿ ಅರ್ಧ ದಿನದೊಳಗೆ ತಲುಪುವ ಊರು. 2005ರ ಜನವರಿಯಲ್ಲಿ ಅಲ್ಲಿನ ಗಚ್ಚಿಬೌಲಿಯಲ್ಲಿ ಪ್ರೀಮಿಯರ್ ಹಾಕಿ ಲೀಗ್ ಶುರುವಾಯಿತು. ಐಪಿಎಲ್ ಬರುವುದಕ್ಕೆ ಮೂರು ವರ್ಷ ಮೊದಲು! ಊರುಗಳ ಹೆಸರಿನ ತಂಡ, ವಿದೇಶಿ ಆಟಗಾರರು, ದೀಪದ ಬೆಳಕಿನ ಪಂದ್ಯ, ಟಿವಿಯಲ್ಲಿ ನೇರ ಪ್ರಸಾರ ಎಲ್ಲವೂ ಅಲ್ಲಿತ್ತು. 35 ನಿಮಿಷಗಳ ಎರಡು ಅವಧಿಯ ಆಟವನ್ನು ಅವರು ಹದಿನೇಳೂವರೆ ನಿಮಿಷಗಳ ನಾಲ್ಕು ಭಾಗ ಮಾಡಿದರು. ಹಾಕಿ ಪಂಡಿತರು ಮೂಗು ಮುರಿದರು. ಆದರೆ 2014ರಲ್ಲಿ ಅಂತರರಾಷ್ಟ್ರೀಯ ಹಾಕಿ ಫೆಡರೇಷನ್ನೇ 15 ನಿಮಿಷಗಳ ನಾಲ್ಕು ಕ್ವಾರ್ಟರ್ ಪದ್ಧತಿಗೆ ಬಂತು.

ಮೊದಲ ವರ್ಷ ಎಲ್ಲ ತಂಡಗಳೂ ಆಡಿದ್ದು ಗಚ್ಚಿಬೌಲಿಯಲ್ಲೇ. ಹಾಗಾಗಿ ಬೆಂಗಳೂರಿನ ಹೆಸರು ಹೊತ್ತ ತಂಡವನ್ನು ಬೆಂಗಳೂರಿಗರಿಗಿಂತ ಮೊದಲು ಕಣ್ಣಾರೆ ಕಂಡವರಲ್ಲಿ ನಮ್ಮ ಕಾಕಾ ಒಬ್ಬರು. ‘ಕೆಲಸ ಮುಗಿಸಿ ಸಿಮೆಂಟಿನ ಕೈಯಲ್ಲೇ ಹೋಗಿದ್ದೆ ತಮ್ಮಾ. ಚೆಂಡು ಕಣ್ಣಿಗೇ ಬೀಳಲಿಲ್ಲ, ಸಪ್ಪಳ ಮಾತ್ರ ಕೇಳಿಸ್ತಿತ್ತು’ ಎನ್ನುತ್ತಾರೆ. ಕಪ್ ಗೆದ್ದದ್ದು ದಿಲೀಪ್ ಟಿರ್ಕಿ ನಾಯಕತ್ವದ ಹೈದರಾಬಾದ್ ಸುಲ್ತಾನ್ಸ್. ಬೆಂಗಳೂರಿನ ತಂಡ ಒಮ್ಮೆ ಲಯನ್ಸ್, ಒಮ್ಮೆ ಹೈ ಫ್ಲೈಯರ್ಸ್ ಎಂಬ ಹೆಸರಿನಲ್ಲಿ ಆಡಿ, ಮುಂದಿನ ವರ್ಷಗಳಲ್ಲಿ ತಾನೂ ಚಾಂಪಿಯನ್ ಆಯಿತು.

ಆಮೇಲಿನದು ಬೇಸರದ ಕಥೆ. 2008ರ ಮಾರ್ಚ್‌ನಲ್ಲಿ ಚಿಲಿಯ ಸ್ಯಾಂಟಿಯಾಗೊದಲ್ಲಿ ಭಾರತ ಬ್ರಿಟನ್ನಿಗೆ ಸೋತು, 80 ವರ್ಷಗಳಲ್ಲಿ ಮೊದಲ ಬಾರಿ ಒಲಿಂಪಿಕ್ಸ್‌ನಿಂದ ಹೊರಬಿತ್ತು. ಮರುತಿಂಗಳೇ ಆಯ್ಕೆಗೆ ಲಂಚದ ಆರೋಪ ಟಿವಿಯಲ್ಲಿ ಬಂದು, ಭಾರತೀಯ ಹಾಕಿ ಫೆಡರೇಷನ್ ಅಮಾನತಾಯಿತು. ಲೀಗ್ ಮತ್ತೆ ನಡೆಯಲಿಲ್ಲ. ಅದೇ ಏಪ್ರಿಲ್‌ನಲ್ಲಿ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಐಪಿಎಲ್ ಆರಂಭವಾಯಿತು. ಒಂದೇ ತಿಂಗಳು, ಎರಡು ಆಟಗಳ ಹಣೆಬರಹ.

2012ರಲ್ಲಿ ಇನ್ನೊಂದು ಪ್ರಯತ್ನ: ವರ್ಲ್ಡ್ ಸೀರೀಸ್ ಹಾಕಿ. ಈ ಸಲ ತಂಡದ ಹೆಸರು ಕರ್ನಾಟಕ ಲಯನ್ಸ್. ನಾಯಕ ಸೋಮವಾರಪೇಟೆಯ ಅರ್ಜುನ್ ಹಾಲಪ್ಪ, ಡ್ರ್ಯಾಗ್ ಫ್ಲಿಕ್‌ಗೆ ಹೆಸರಾದ ಲೆನ್ ಅಯ್ಯಪ್ಪ ಜೊತೆಗಾರ. ಬೆಂಗಳೂರಿನ ಹಾಕಿ ಕ್ರೀಡಾಂಗಣದಲ್ಲಿ ತವರಿನ ಪಂದ್ಯಗಳೂ ನಡೆದವು. ಆದರೆ ಈ ಟೂರ್ನಿಯ ಹಿಂದಿದ್ದದ್ದು ಹಳೆಯ ಫೆಡರೇಷನ್. ಅಂತರರಾಷ್ಟ್ರೀಯ ಮಾನ್ಯತೆ ಇದ್ದದ್ದು ಹೊಸ ಹಾಕಿ ಇಂಡಿಯಾಕ್ಕೆ. ಎರಡು ಸಂಸ್ಥೆಗಳ ಜಗಳದ ನಡುವೆ ಆಟಗಾರ ದೇಶದ ತಂಡವೋ, ಲೀಗಿನ ದುಡ್ಡೋ ಎಂದು ಆರಿಸಬೇಕಾಯಿತು. ಲೀಗ್ ಆರಿಸಿದ ಕೆಲವರು ಸಂಭಾವನೆ ಪೂರ್ತಿ ಬರಲಿಲ್ಲವೆಂದು ದೂರಿದರು. ಏಪ್ರಿಲ್ 2ರಂದು ಶೇರ್–ಎ–ಪಂಜಾಬ್ ಕಪ್ ಎತ್ತಿತು. ಎರಡನೇ ಆವೃತ್ತಿ ಬರಲೇ ಇಲ್ಲ.

ಮರುವರ್ಷ ಹಾಕಿ ಇಂಡಿಯಾದ್ದೇ ಲೀಗ್ ಬಂತು. ನನಗೆ ಅರ್ಥವಾಗದ್ದು ಇಲ್ಲಿದೆ. ಎಂ.ಪಿ. ಗಣೇಶ್, ಬಿ.ಪಿ. ಗೋವಿಂದ, ಎಂ.ಎಂ. ಸೋಮಯ್ಯರಂಥವರನ್ನು ಕೊಟ್ಟ, ಒಂದು ಜಿಲ್ಲೆಯ ಕುಟುಂಬ ಹಾಕಿಗೆ 2024ರಲ್ಲಿ 360 ತಂಡ ಇಳಿಸಿದ ರಾಜ್ಯಕ್ಕೆ ಅದರಲ್ಲಿ ತಂಡವಿಲ್ಲ! ತಂಡ ಹುಟ್ಟುವುದು ಆಟಗಾರರಿಂದಲ್ಲ, ಖರೀದಿಸುವವರಿಂದ. ನಮ್ಮವರು ಬೇರೆ ಊರಿಗೆ ಹರಾಜಾದರು. ಕೊಡಗಿನ ವಿ.ಆರ್. ರಘುನಾಥ್ ಉತ್ತರ ಪ್ರದೇಶಕ್ಕೆ, ಎಸ್.ವಿ. ಸುನಿಲ್ ಪಂಜಾಬಿಗೆ. ಆ ಲೀಗೂ 2017ಕ್ಕೆ ನಿಂತಿತು.

ಇಷ್ಟೆಲ್ಲ ತಂಡಗಳು ಬಂದು ಹೋದರೂ ಹಾಕಿ ಆಡುವವರ ಮನೆಯ ಒಲೆ ಉರಿದದ್ದು ರೈಲ್ವೆ, ಸೇನೆ, ತೈಲ ಕಂಪನಿ, ಬ್ಯಾಂಕುಗಳ ಸಂಬಳದಿಂದ. ಹಾಲಪ್ಪ ಏರ್ ಇಂಡಿಯಾ ಪರ ಆಡುತ್ತಿದ್ದವರು. ನಾನು ಓದುವ ಪ್ರಕಟಣೆಗಳು ಬರುವುದೂ ಇಂಥ ಕಡೆಯಿಂದಲೇ. ಕೇಂದ್ರದ ಗ್ರೂಪ್ ಸಿ ನೇರ ನೇಮಕಾತಿಯಲ್ಲಿ ಶೇ 5ರವರೆಗೆ ಕ್ರೀಡಾಪಟುಗಳಿಗೆ ಕೊಡಲು ಅವಕಾಶವಿದೆ. ನಾನು ವಿಶ್ವವಿದ್ಯಾಲಯ ಮಟ್ಟದ ಕಬಡ್ಡಿ ಆಟಗಾರ. ನನ್ನ ಆಟಕ್ಕೆ ಈಗ ಟಿವಿಯಿದೆ, ಲೀಗಿದೆ. ಆದರೂ ಗೆಳೆಯರು ‘ಪ್ರೊ ಕಬಡ್ಡಿಗೆ ಟ್ರೈ ಮಾಡು, ಅರ್ಜಿ ಯಾಕೆ ಹಾಕ್ತಿ?’ ಎಂದಾಗ ನನಗೆ ಕರ್ನಾಟಕ ಲಯನ್ಸ್ ನೆನಪಾಗುತ್ತದೆ. ಎರಡೂ ಮಾಡುತ್ತೇನೆ, ಆದರೆ ಅರ್ಜಿ ಮೊದಲು.

2024ರ ಡಿಸೆಂಬರ್‌ನಲ್ಲಿ ಹಾಕಿ ಇಂಡಿಯಾ ಲೀಗ್ ಮತ್ತೆ ಆರಂಭವಾಯಿತು. ಆಗ ಹಾಕಿ ಇಂಡಿಯಾದ ಅಧ್ಯಕ್ಷರು, ಅಂದು ಗಚ್ಚಿಬೌಲಿಯಲ್ಲಿ ಕಪ್ ಎತ್ತಿದ ಅದೇ ಟಿರ್ಕಿ. ಪುರುಷರ ತಂಡ ಎಂಟು. ಹೈದರಾಬಾದ್ ಇತ್ತು, ತಮಿಳುನಾಡು ಇತ್ತು. ಫೆಬ್ರುವರಿ 1ರಂದು ರೂರ್ಕೆಲಾದಲ್ಲಿ ನಡೆದ ಫೈನಲ್‌ನಲ್ಲಿ ಹೈದರಾಬಾದ್ ತೂಫಾನ್ಸ್ ಬಂಗಾಳದ ತಂಡಕ್ಕೆ 3–4ರಿಂದ ಸೋತಿತು. ಮೊಬೈಲಿನಲ್ಲಿ ಕಾಕಾನಿಗೆ ತೋರಿಸಿದೆ. ಚೆಂಡು ಈಗಲೂ ಕಾಣಿಸುವುದಿಲ್ಲ ಎಂದು ಗೊಣಗುತ್ತಲೇ ಕೊನೆಯವರೆಗೂ ನೋಡಿದರು. ‘ನಮ್ಮ ಬೆಂಗಳೂರಿಂದು ಯಾವಾಗದ?’ ಎಂದು ಕೇಳಿದರು.

‘ಇಲ್ಲ ಕಾಕಾ’ ಎಂದೆ.