ಒಂದೇ ಯಂತ್ರ, ಹಲವು ಒಡೆತನ

ಹುಬ್ಬಳ್ಳಿಯ ವಿದ್ಯಾನಗರದಲ್ಲಾಗಲಿ, ಧಾರವಾಡದ ಐಐಟಿಯಲ್ಲಾಗಲಿ ಗಣಕಶಾಸ್ತ್ರವನ್ನು ವ್ಯಾಸಂಗ ಮಾಡುತ್ತಿರುವ ವಿದ್ಯಾರ್ಥಿನಿಯೊಬ್ಬಳು ತನ್ನ ವಿಂಡೋಸ್ ಲ್ಯಾಪ್‌ಟಾಪಿನಲ್ಲಿ ವರ್ಚುವಲ್‌ಬಾಕ್ಸ್ ಎಂಬ ತಂತ್ರಾಂಶದೊಳಗೆ ಲಿನಕ್ಸನ್ನು ನಡೆಸಿ, ಅದರ ಕರ್ನಲ್‌ನ ಒಂದು ಸಾಲನ್ನು ತಪ್ಪಾಗಿ ತಿದ್ದಿದಳೆನ್ನಿರಿ. ಒಳಗಿನ ಲಿನಕ್ಸ್ ‘ಕರ್ನಲ್ ಪ್ಯಾನಿಕ್’ ಎಂದು ಬರೆದು ನಿಶ್ಚೇಷ್ಟಿತವಾಗುವುದು, ಆದರೆ ಹೊರಗಿನ ವಿಂಡೋಸಿನಲ್ಲಿ ಸಾಗಿರುವ ಭೀಮಸೇನ ಜೋಶಿಯವರ ಆಲಾಪಕ್ಕೆ ಎಳ್ಳಷ್ಟೂ ಭಂಗ ಬಾರದು.

ಒಬ್ಬರ ಪ್ರಮಾದ ಮತ್ತೊಬ್ಬರನ್ನು ಮುಟ್ಟದಂತೆ ಕಾಯುವ ಈ ವಿದ್ಯೆ ಅರ್ಧ ಶತಮಾನಕ್ಕೂ ಹಳೆಯದು. ಅಮೆರಿಕದ ಕೇಂಬ್ರಿಡ್ಜ್ ನಗರದಲ್ಲಿದ್ದ ಐಬಿಎಂ ವಿಜ್ಞಾನ ಕೇಂದ್ರದಲ್ಲಿ ರಾಬರ್ಟ್ ಕ್ರೀಸಿ ಮತ್ತು ಸಂಗಡಿಗರು 1967ರಲ್ಲಿ ಬಳಕೆಗೆ ತಂದ ಸಿಪಿ-40 ವ್ಯವಸ್ಥೆಯ ಸಂತತಿಯೇ 1972ರಲ್ಲಿ ವಿಎಂ/370 ಎಂಬ ಹೆಸರಿನಿಂದ ಪ್ರಕಟವಾಯಿತು. ಅದರಲ್ಲಿ ಪ್ರತಿಯೊಬ್ಬ ಬಳಕೆದಾರನಿಗೂ ಸ್ಮೃತಿ, ಡಿಸ್ಕು, ಕಾರ್ಡ್ ಓದುವ ಸಾಧನಗಳಿಂದ ಕೂಡಿದ ಇಡಿಯ ಯಂತ್ರವೊಂದು ತನಗೇ ಮೀಸಲೆಂಬ ಭಾಸವಾಗುತ್ತಿತ್ತು. ವಸ್ತುತಃ ನಿಜವಾದ ಯಂತ್ರದ ಒಡೆತನವೆಲ್ಲ ಸಿಪಿ ಎಂಬ ನಿಯಂತ್ರಕ ತಂತ್ರಾಂಶದ್ದು. ಒಳಗಿನ ವ್ಯವಸ್ಥೆಯು ಡಿಸ್ಕಿಗೆ ಬರೆಯುವಂಥ ವಿಶೇಷಾಧಿಕಾರದ ಆಜ್ಞೆಯನ್ನು ಕೊಟ್ಟೊಡನೆ, ಸಂಸ್ಕಾರಕವೇ ಅದನ್ನು ಅರ್ಧದಲ್ಲಿ ತಡೆದು ಸಿಪಿಯ ವಶಕ್ಕೆ ಒಪ್ಪಿಸುತ್ತಿತ್ತು. ಸಿಪಿಯಾದರೋ, ಆ ಡಿಸ್ಕಿನ ಪಾಲು ಆ ಬಳಕೆದಾರನದೇ ಹೌದೆಂದು ಪರೀಕ್ಷಿಸಿ ಆತನ ಪರವಾಗಿ ಕಾರ್ಯವನ್ನು ನೆರವೇರಿಸುತ್ತಿತ್ತು.

ಈ ಏರ್ಪಾಟಿನ ಬಲವನ್ನು ಸಂಶೋಧಕರಾದ ಸ್ಟುವರ್ಟ್ ಮ್ಯಾಡ್ನಿಕ್ ಮತ್ತು ಜಾನ್ ಡೊನೊವನ್ 1973ರಲ್ಲಿಯೇ ತರ್ಕಬದ್ಧವಾಗಿ ಪ್ರತಿಪಾದಿಸಿದರು. ನೆರೆಯವನ ದತ್ತಾಂಶಕ್ಕೆ ಕೈಹಾಕಬಯಸುವವನು ಒಳಗಿನ ಕಾರ್ಯಾಚರಣ ವ್ಯವಸ್ಥೆಯನ್ನೂ ಹೊರಗಿನ ನಿಯಂತ್ರಕವನ್ನೂ ಎರಡನ್ನೂ ಭೇದಿಸಬೇಕು. ಇವೆರಡರ ದೋಷಗಳು ಪರಸ್ಪರ ಸ್ವತಂತ್ರವಾಗಿದ್ದರೆ ಎರಡೂ ಒಮ್ಮೆಗೇ ಸೋಲುವ ಸಂಭವವು ಒಂದೊಂದೂ ಸೋಲುವ ಸಂಭವಗಳ ಗುಣಲಬ್ಧದಷ್ಟೇ, ಅರ್ಥಾತ್ ಅತ್ಯಲ್ಪ. ಮೇಲಾಗಿ ನಿಯಂತ್ರಕವು ಗಾತ್ರದಲ್ಲಿ ಚಿಕ್ಕದಾದ್ದರಿಂದ ಅದರ ತಪ್ಪುಗಳನ್ನು ಹುಡುಕುವುದೂ ಸುಲಭ.

ಆದರೆ ಪ್ರತ್ಯೇಕತೆ ಬೇರೆ, ವಿಶ್ವಾಸಾರ್ಹತೆ ಬೇರೆ. ಹುಬ್ಬಳ್ಳಿಯ ಹಳೆಯ ಚಾಳಿನಲ್ಲಿ ಪ್ರತಿ ಬಿಡಾರಕ್ಕೂ ತನ್ನದೇ ಕೀಲಿಯಿದ್ದರೂ ಮಾಳಿಗೆ ಕುಸಿದರೆ ಎಲ್ಲರೂ ಬೀದಿಗೆ ಬರುವಂತೆ, ಸಿಪಿಯೇ ಕೆಟ್ಟುನಿಂತಾಗ ಬಳಕೆದಾರರೆಲ್ಲರ ಯಂತ್ರಗಳೂ ಒಟ್ಟಿಗೆ ಉರುಳುತ್ತಿದ್ದವು. ವಿಎಂ/370 ಆಗ ತಾನಾಗಿಯೇ ಪುನರಾರಂಭಗೊಂಡು, ಮುದ್ರಣಕ್ಕೆ ಕಾದಿದ್ದ ಕಡತಗಳನ್ನು ಉಳಿಸಿಕೊಳ್ಳುತ್ತಿದ್ದುದು ನಿಜ; ಆದರೆ ಬಳಕೆದಾರರು ಮತ್ತೆ ಮೊದಲಿನಿಂದ ಲಾಗಿನ್ ಆಗಬೇಕಾಗುತ್ತಿತ್ತು.

ಗೋಡೆ ಬಿರಿಯುವುದೂ ಬಹುಮಟ್ಟಿಗೆ ಬಾಗಿಲಿರುವೆಡೆಯಲ್ಲೇ, ಎಂದರೆ ಒಳಹೊರಗನ್ನು ಜೋಡಿಸುವ ಸಾಧನಗಳಲ್ಲೇ. 2015ರಲ್ಲಿ ಬಯಲಾದ ‘ವೆನಮ್’ ಎಂಬ ದೋಷವು, ಬಹುತೇಕ ಯಾರೂ ಬಳಸದಿದ್ದ ಫ್ಲಾಪಿ ಡ್ರೈವಿನ ಅನುಕರಣ ತಂತ್ರಾಂಶದಲ್ಲಿ 2004ರಿಂದಲೂ ಅಡಗಿದ್ದು, ಕೆವಿಎಂ, ಕ್ಸೆನ್, ವರ್ಚುವಲ್‌ಬಾಕ್ಸ್ ಎಂಬ ಮೂರು ನಿಯಂತ್ರಕಗಳಿಗೂ ಅಂಟಿತ್ತು. ಒಳಗಿನ ಬಳಕೆದಾರನು ಅದರ ಮೂಲಕ ಆತಿಥೇಯ ಯಂತ್ರಕ್ಕೇ ನುಸುಳುವ ಸಾಧ್ಯತೆಯಿತ್ತು.

ಆದ್ದರಿಂದ ಇಂಥ ಭಾಸದ, ಅಂದರೆ ವರ್ಚುವಲ್, ಯಂತ್ರವನ್ನು ನಡೆಸುವವರು ಬೇಡವಾದ ಸಾಧನಗಳನ್ನೂ, ಒಳಹೊರಗು ಹಂಚಿಕೊಂಡ ಫೋಲ್ಡರು ಕ್ಲಿಪ್‌ಬೋರ್ಡುಗಳನ್ನೂ ಮೊದಲು ತೆಗೆದುಹಾಕಲಿ. ನಿಯಂತ್ರಕವನ್ನು ಕಾಲಕಾಲಕ್ಕೆ ನವೀಕರಿಸಲಿ. ಮತ್ತು ಮುಖ್ಯ ಕಡತಗಳ ಒಂದು ಪ್ರತಿಯನ್ನು ಬೇರೊಂದು ಯಂತ್ರದಲ್ಲಿ ಇಟ್ಟಿರಲಿ.