ದಾರಿ ಬಿಡುವವರ ಹಾದಿ

ಸೆಪ್ಟೆಂಬರ್ ಕೊನೆಯ ವಾರದ ಬೆಳಗು. ಅಮೆರಿಕದ ಡೆನ್ವರ್ ನಗರ ಬಿಟ್ಟ 285ನೇ ಹೆದ್ದಾರಿ ಬೆಟ್ಟಗಳ ಸಂದಿಯಲ್ಲಿ ಸುತ್ತಿ ಸುಳಿದು ಏರುತ್ತ ಕೆನೋಶಾ ಪಾಸ್ ಎಂಬ ಘಟ್ಟದ ನೆತ್ತಿಗೆ ಬಂದು ಸೇರುತ್ತದೆ. ಕಾರಿನಿಂದ ಇಳಿದರೆ ಮೊದಲು ಕಿವಿ ಚುರುಗುಟ್ಟುತ್ತದೆ. ಆಮೇಲೆ ಮೂಗಿಗೆ ಪೈನ್ ಮರದ ಅಂಟಿನ ಘಾಟು, ಅದರ ಬೆನ್ನಿಗೇ ನೆನೆದ ಎಲೆಯ ವಾಸನೆ. ಹುಲ್ಲಿನ ತುದಿಯಲ್ಲಿ ಇಬ್ಬನಿ ಬಿಳಿ ಪುಡಿಯಾಗಿ ಗಟ್ಟಿಕಟ್ಟಿದೆ. ನಾಲ್ಕು ಹೆಜ್ಜೆ ಬಿರುಸಾಗಿ ಇಟ್ಟರೆ ಉಸಿರು ಸಾಲದು, ಏಕೆಂದರೆ ನಾವು ನಿಂತಿರುವುದು ಸಮುದ್ರಮಟ್ಟದಿಂದ ಸುಮಾರು 3,000 ಮೀಟರ್ ಎತ್ತರದಲ್ಲಿ. ಬಿಸಿಲು ಬೆಟ್ಟದ ಭುಜ ದಾಟಿ ಇಳಿಯುತ್ತಿದ್ದಂತೆ ಇಳಿಜಾರಿನ ಆಸ್ಪೆನ್ ತೋಪು ಹಳದಿಯಾಗಿ ಹೊತ್ತಿಕೊಳ್ಳುತ್ತದೆ. ಆಸ್ಪೆನ್ ಎಲೆಯ ತೊಟ್ಟು ದುಂಡಗಿಲ್ಲ, ಚಪ್ಪಟೆ. ಹಾಗಾಗಿ ನಮ್ಮ ಕೆನ್ನೆಗೆ ಗೊತ್ತಾಗದಷ್ಟು ಸಣ್ಣ ಗಾಳಿಗೂ ಅದು ನಡುಗುತ್ತದೆ. ಮರಗಳ ತುಂಬ ಸರಸರ ಸದ್ದು.

ಹೆದ್ದಾರಿ ಬದಿಯ ಬಯಲಿನಲ್ಲಿ ವಾಹನಗಳು ಆಗಲೇ ಸಾಲುಗಟ್ಟಿವೆ. ಒಂದು ಕಡೆ ಕಾರಿನ ಹಿಂದಿನ ಕೊಂಡಿಯಿಂದ ಸೈಕಲ್ ಇಳಿಸುತ್ತಿರುವ ಹುಡುಗ ಹುಡುಗಿಯರು. ಒಬ್ಬಳು ಟೈರು ಹಿಸುಕಿ ನೋಡಿ ಒಂದಿಷ್ಟು ಗಾಳಿ ಬಿಡುತ್ತಾಳೆ. ಪಕ್ಕದವನು ಚೈನಿಗೆ ಎಣ್ಣೆ ತೊಟ್ಟಿಕ್ಕಿಸಿ ಪೆಡಲು ಹಿಂದಕ್ಕೆ ತಿರುಗಿಸುತ್ತಾನೆ, ಟಿಕ್ಕಟಿಕ್ಕೆಂದು ಸದ್ದಾಗುತ್ತದೆ. ಇನ್ನೊಂದು ತುದಿಯಲ್ಲಿ ಕುದುರೆ ಸಾಗಿಸುವ ಉದ್ದನೆಯ ಟ್ರೇಲರಿನ ಬಾಗಿಲು ತೆರೆಯುತ್ತದೆ. ಹಲಗೆಯ ಮೇಲೆ ಲಾಳದ ಧಡಧಡ, ಒಂದು ಕೆನೆತ, ಹಬೆಯಾಡುವ ಬೆಚ್ಚನೆಯ ಲದ್ದಿಯ ವಾಸನೆ. ಅರವತ್ತು ದಾಟಿದ ಹೆಂಗಸೊಬ್ಬಳು ಜೀನು ಏರಿಸಿ, ಹೊಟ್ಟೆಪಟ್ಟಿ ಬಿಗಿದು, ಸ್ವಲ್ಪ ಹೊತ್ತು ಸುಮ್ಮನೆ ಕುದುರೆಯ ಕುತ್ತಿಗೆ ತಟ್ಟುತ್ತ ನಿಂತು ಮತ್ತೊಮ್ಮೆ ಬಿಗಿಯುತ್ತಾಳೆ. ಜೀನು ಏರಿಸುವಾಗ ಹೊಟ್ಟೆ ಉಬ್ಬಿಸಿಕೊಳ್ಳುವುದು ಎಷ್ಟೋ ಕುದುರೆಗಳ ಚಾಳಿ. ಅದು ಉಸಿರು ಬಿಡುವವರೆಗೂ ಕಾಯಬೇಕು. ಇವರಿಬ್ಬರಿಗೂ ಮೊದಲೇ, ಕತ್ತಲಿರುವಾಗಲೇ ಬಂದು ಕಾಡು ಹೊಕ್ಕವನ ಹಳೆಯ ಪಿಕಪ್ ಗಾಡಿ ಮೂಲೆಯಲ್ಲಿ ನಿಂತಿದೆ. ಅವನು ಬಿಲ್ಲುಬೇಟೆಗಾರ. ಎಲೆ, ತೊಗಟೆಯ ಬಣ್ಣದ ಬಟ್ಟೆ ತೊಟ್ಟು ಈಗ ಎಲ್ಲೋ ಮರದ ಬುಡಕ್ಕೆ ಬೆನ್ನು ಕೊಟ್ಟು ಕೂತಿದ್ದಾನೆ.

ಮೂವರದೂ ಒಂದೇ ಹಾದಿ. ಅಗಲ ಎಂದರೆ ಒಂದು ಮೊಳಕ್ಕೆ ತುಸು ಹೆಚ್ಚು. ಇಬ್ಬರು ಜೋಡಿಯಾಗಿ ನಡೆಯುವಂತಿಲ್ಲ. ಇದೇ ಕೊಲರಾಡೋ ಟ್ರೇಲ್. ಡೆನ್ವರ್ ಹತ್ತಿರದ ವಾಟರ್ಟನ್ ಕಣಿವೆಯಿಂದ ಹೊರಟು ರಾಕಿ ಪರ್ವತದ ಏಣುಗಳನ್ನು ಏರಿ ಇಳಿದು ಡುರಾಂಗೋ ಪಟ್ಟಣ ಮುಟ್ಟುವಷ್ಟರಲ್ಲಿ 900 ಕಿಲೋಮೀಟರಿಗೂ ಮಿಗಿಲು ದೂರ ಸಾಗಿರುತ್ತದೆ. ಕೆನೋಶಾದಿಂದ ಪಶ್ಚಿಮಕ್ಕೆ ಹೋದರೆ ತೋಪು ದಾಟಿ, ಜೆಫರ್ಸನ್ ಹೊಳೆಗೆ ಇಳಿದು, ಮತ್ತೆ ಏರಿ, ಮರಗಳೇ ಬೆಳೆಯದ ಬೋಳು ನೆತ್ತಿಯ ಜಾರ್ಜಿಯಾ ಪಾಸ್‌ವರೆಗೆ ಸುಮಾರು 19 ಕಿಲೋಮೀಟರ್. ಸೈಕಲ್ ಸವಾರರ ಅಚ್ಚುಮೆಚ್ಚಿನ ಹಾದಿ ಇದು. ಪೂರ್ವಕ್ಕೆ ಹೋದರೆ ಲಾಸ್ಟ್ ಕ್ರೀಕ್ ಎಂಬ ಕಾದಿಟ್ಟ ಕಾಡು ಸಿಗುತ್ತದೆ. ಅಲ್ಲಿ ಸೈಕಲ್ಲಿಗೆ ಪ್ರವೇಶವಿಲ್ಲ. 1964ರ ಕಾಯ್ದೆಯಂತೆ ಇಂಥ ಕಾಡುಗಳಲ್ಲಿ ಯಂತ್ರದ ಸಾಗಣೆ ಕೂಡದು, ಸೈಕಲ್ಲೂ ಅದರಲ್ಲಿ ಸೇರಿದೆ. ಸೈಕಲ್ಲಿನವರು ಬಳಸುದಾರಿ ಹಿಡಿಯಬೇಕು. ಕುದುರೆಗೆ ಆ ಅಡ್ಡಿಯಿಲ್ಲ. ಈ ಸಂಕಟವನ್ನು ಸೈಕಲ್ಲಿನವರು ಮರೆತಿಲ್ಲ.

ಬನ್ನಿ, ಪಶ್ಚಿಮದ ಹಾದಿಯಲ್ಲೇ ಒಂದಿಷ್ಟು ದೂರ ಹೋಗಿ ತಿರುವೊಂದರಲ್ಲಿ ನಿಲ್ಲೋಣ. ಎಡಕ್ಕೆ ಮೇಲುದಿಬ್ಬ, ಬಲಕ್ಕೆ ಇಳಿಜಾರು. ಮೇಲಿನಿಂದ ಕಿಣಿಕಿಣಿ ಸದ್ದು ಕೇಳುತ್ತದೆ: ಹ್ಯಾಂಡಲಿಗೆ ಕಟ್ಟಿಕೊಂಡ ಪುಟ್ಟ ಗಂಟೆ. ಕೆಳಗಿನಿಂದ ಲಾಳ ಕಲ್ಲಿಗೆ ತಾಗುವ ಸದ್ದು. ಸವಾರ ತಿರುವಿಗೆ ಮುಂಚೆಯೇ ಬ್ರೇಕು ಹಿಡಿದು ವೇಗ ಇಳಿಸಿದ್ದಾನೆ. ಕುದುರೆ ಕಂಡದ್ದೇ ಕಾಲು ನೆಲಕ್ಕೂರಿ, ಇಳಿದು, ಸೈಕಲನ್ನು ಹಾದಿಯ ಇಳಿಜಾರಿನ ಬದಿಗೆ ಎಳೆದು ನಿಲ್ಲುತ್ತಾನೆ. ನಿಂತವನೇ ಬಾಯಿ ಬಿಡುತ್ತಾನೆ: “ಗುಡ್ ಮಾರ್ನಿಂಗ್! ಒಳ್ಳೆ ದಿನ, ಅಲ್ವಾ?” ಹೇಳಬೇಕೆಂದು ಹೇಳಿದ ಮಾತು. ಕುದುರೆಯ ಎರಡೂ ಕಿವಿ ಮುಂದಕ್ಕೆ ನಿಮಿರಿವೆ, ಹೊಳ್ಳೆ ಅರಳಿದೆ, ಮುಂಗಾಲು ಅರ್ಧ ಎತ್ತಿ ಹಾಗೇ ನಿಂತಿದೆ. ಆ ಹೆಂಗಸು ಲಗಾಮು ಜಗ್ಗುವುದಿಲ್ಲ. ತುಸು ಸಡಿಲ ಬಿಟ್ಟು ಅವನಿಗೆ ಉತ್ತರ ಕೊಡುತ್ತಾಳೆ. ಇನ್ನೆರಡು ಮಾತು. ಕುದುರೆ ಫುರ್ರೆಂದು ಮೂಗಿನಿಂದ ಗಾಳಿ ಬಿಡುತ್ತದೆ, ಒಂದು ಕಿವಿ ಪಕ್ಕಕ್ಕೆ ಬೀಳುತ್ತದೆ, ಎತ್ತಿದ ಕಾಲು ನೆಲ ಮುಟ್ಟುತ್ತದೆ.

ಅವಳ ಹಿಂದೆ ಗಂಟುಮೂಟೆ ಹೊತ್ತ ಎರಡು ಹೇಸರಗತ್ತೆಗಳು. ಹಿಂದಿನದರ ಹಗ್ಗ ಮುಂದಿನದರ ಜೀನಿಗೆ ನೇರವಾಗಿ ಬಿಗಿದಿಲ್ಲ. ನಡುವೆ ತೆಳ್ಳನೆಯ ದಾರದ ಕುಣಿಕೆಯೊಂದಿದೆ. ಒಂದು ಕಾಲುಜಾರಿ ಬಿದ್ದರೆ ಆ ದಾರ ಕಡಿದುಹೋಗಬೇಕು, ಇನ್ನೊಂದನ್ನೂ ಪ್ರಪಾತಕ್ಕೆ ಎಳೆಯಬಾರದು ಎಂಬ ಮುಂದಾಲೋಚನೆ. ಅವು ತಲೆ ತೂಗುತ್ತ, ಚರ್ಮದ ಪಟ್ಟಿ ಕಿರುಗುಡಿಸುತ್ತ, ಬೆವರಿನ ವಾಸನೆ ಬಿಟ್ಟು ದಾಟಿಹೋಗುತ್ತವೆ. “ನನ್ನ ಹಿಂದೆ ಇನ್ನಿಬ್ಬರು ಬರ್ತಿದ್ದಾರೆ” ಎಂದು ಹುಡುಗ ಕೂಗಿ ಹೇಳುತ್ತಾನೆ. ಅವಳು ಟೋಪಿಯ ಅಂಚು ಮುಟ್ಟಿ ಕೃತಜ್ಞತೆ ತಿಳಿಸುತ್ತಾಳೆ. ಎಲ್ಲ ಸೇರಿ ಎರಡು ನಿಮಿಷವೂ ಆಗಿಲ್ಲ.

ಇಷ್ಟು ಸಲೀಸಾಗಿ ಕಂಡದ್ದರ ಹಿಂದೆ ಎಲ್ಲರೂ ಒಪ್ಪಿದ ಕಟ್ಟಳೆಯಿದೆ. ಹಾದಿಯ ಬಾಯಲ್ಲಿ ನೆಟ್ಟ ಹಳದಿ ತ್ರಿಕೋನದ ಫಲಕ ಅದನ್ನೇ ಚಿತ್ರದಲ್ಲಿ ತೋರಿಸುತ್ತದೆ: ಸೈಕಲ್ ಎಲ್ಲರಿಗೂ ದಾರಿ ಬಿಡಬೇಕು, ನಡೆಯುವವರು ಕುದುರೆಗೆ ಬಿಡಬೇಕು. ಇದರಲ್ಲಿ ಮೇಲುಕೀಳಿನ ಮಾತಿಲ್ಲ. ಯಾರಿಗೆ ನಿಲ್ಲುವುದು ಸುಲಭವೋ ಅವರು ನಿಲ್ಲಬೇಕು, ಅಷ್ಟೆ. ಕುದುರೆ ಹುಲಿ ಸಿಂಹಗಳಿಗೆ ಹೆದರಿ ಬದುಕಿ ಬಂದ ಕುಲದ್ದು. ಕಣ್ಣು ತಲೆಯ ಅಕ್ಕಪಕ್ಕ ಇರುವುದರಿಂದ ಸುತ್ತಲಿನದೆಲ್ಲ ಅದಕ್ಕೆ ಕಾಣುತ್ತದೆ; ಕಾಣದ್ದು ಹಣೆಯ ಮುಂದಿನ ಚೂರು ಜಾಗ ಮತ್ತು ಬಾಲದ ನೇರ ಹಿಂದೆ. ಆ ಹಿಂದಿನ ಜಾಗದಿಂದಲೇ ಸೈಕಲ್ ಸದ್ದಿಲ್ಲದೆ ನುಗ್ಗಿ ಬರುತ್ತದೆ. ಶಿರಸ್ತ್ರಾಣ ತೊಟ್ಟು, ಬೆನ್ನಚೀಲ ಹೊತ್ತು ಮೌನವಾಗಿ ನಿಂತವನು ಮನುಷ್ಯನೆಂದು ಅದಕ್ಕೆ ಹೇಗೆ ಗೊತ್ತಾಗಬೇಕು? ದನಿ ಕೇಳಿದರೆ ಗೊತ್ತಾಗುತ್ತದೆ. ಅದಕ್ಕೇ ಮಾತಾಡುವುದು. ಮೇಲುದಿಬ್ಬದಲ್ಲಿ ನಿಂತರೆ ಎರಗಲು ಹೊಂಚಿದ ಪ್ರಾಣಿಯಂತೆ ಅದು ಬೆದರಬಹುದು. ಬೆದರಿದ ಕುದುರೆ ಇಳಿಜಾರಿಗೆ ಹಾರಿದರೆ ಸವಾರಳ ಗತಿ ಏನು? ಅದಕ್ಕೇ ಕೆಳಬದಿಗೆ ಸರಿಯುವುದು.

ಬೇಟೆಗಾರನ ಕಷ್ಟ ಬೇರೆ. ಎಲ್ಕ್ ಎಂಬ ದೊಡ್ಡ ಜಿಂಕೆ, ನಮ್ಮ ಕಡವೆಗಿಂತ ದೊಡ್ಡದು, ಗಂಡಾದರೆ 300 ಕಿಲೋ ಮೀರುತ್ತದೆ. ಸೆಪ್ಟೆಂಬರ್ ಅದಕ್ಕೆ ಬೆದೆಯ ಕಾಲ. ಮುಂಜಾನೆ ಗಂಡು ಎಲ್ಕ್ ಕೂಗುವುದನ್ನು ಒಮ್ಮೆ ಕೇಳಿದರೆ ಮರೆಯಲಾಗದು: ಎದೆಯಾಳದಿಂದ ಹೊರಟ ದನಿ ಏರಿ ಏರಿ ತೆಳು ಸಿಳ್ಳೆಯಾಗಿ, ಕೊನೆಗೆ ನಾಲ್ಕಾರು ಗುಟುರಿನಲ್ಲಿ ಮುಗಿಯುತ್ತದೆ. ಬಿಲ್ಲುಗಾರ ಆ ದನಿಯನ್ನು ಹಿಂಬಾಲಿಸಿ ಮಾರು ಮಾರಾಗಿ ತೆವಳುತ್ತಾನೆ. ಗಾಳಿ ತಿರುಗಿದರೆ ಕೆಲಸ ಕೆಟ್ಟಿತು. ಕಾಡಿನೊಳಗೆ ಯಾರೋ ಕೇಕೆ ಹಾಕಿಕೊಂಡು ಸೈಕಲಿನಲ್ಲಿ ಧುಮುಕಿದರೂ ಕೆಟ್ಟಿತು. ಅಕ್ಟೋಬರಿನಲ್ಲಿ ಬಂದೂಕಿನ ಹಂಗಾಮು ಶುರುವಾದರೆ ಚಿತ್ರವೇ ಬದಲು. ಆಗ ಕಾಡೆಲ್ಲ ಕಣ್ಣು ಕೋರೈಸುವ ಕಿತ್ತಳೆ ಬಣ್ಣ. ಬಂದೂಕು ಹಿಡಿದವರು ಕನಿಷ್ಠ 500 ಚದರ ಇಂಚಿನಷ್ಟು ಕಿತ್ತಳೆ ಅಥವಾ ಗುಲಾಬಿ ಬಟ್ಟೆಯನ್ನೂ, ತಲೆಗೆ ಅದೇ ಬಣ್ಣದ ಟೋಪಿಯನ್ನೂ ತೊಡಬೇಕೆಂಬುದು ಕೊಲರಾಡೋದ ಕಾನೂನು. ಸೈಕಲ್ಲಿನವರಿಗೆ ಕಾನೂನಿನ ಕಡ್ಡಾಯವಿಲ್ಲ. ತಿಳಿದವರು ತೊಡುತ್ತಾರೆ, ಕುದುರೆಯ ಬಾಲಕ್ಕೂ ಒಂದು ಕಿತ್ತಳೆ ಪಟ್ಟಿ ಕಟ್ಟುತ್ತಾರೆ.

1972ರ ವನ್ಯಜೀವಿ ಕಾಯ್ದೆಯ ನಂತರ ಬೇಟೆಯನ್ನು ಅಪರಾಧವೆಂದೇ ತಿಳಿದು ಬೆಳೆದ ನಮಗೆ ಇದನ್ನು ಒಪ್ಪಿಕೊಳ್ಳುವುದು ಕಷ್ಟ. ಆದರೂ ಅಲ್ಲಿನ ಲೆಕ್ಕ ತಿಳಿಯಬೇಕು. 1937ರ ಕಾಯ್ದೆಯಡಿ ಬಂದೂಕು, ಕಾಡತೂಸುಗಳ ಮೇಲೆ ವಸೂಲಾಗುವ ಶೇ 11ರ ಸುಂಕ ವನ್ಯಜೀವಿಗಳ ಪಾಲನೆಗೆ ಹೋಗುತ್ತದೆ. ಎಷ್ಟೋ ಕಡೆ ಬೇಟೆಯ ಪರವಾನಗಿ ಎಣಿಸಿ ಕೊಡುತ್ತಾರೆ. ಹೊಡೆದ ಪ್ರಾಣಿಯ ತಿನ್ನುವ ಮಾಂಸ ಹಾಳುಗೆಡವಿದರೆ ಶಿಕ್ಷೆ. ಹಾಗಾಗಿ ಸಂಜೆಯ ಹೊತ್ತು ತೊಡೆ ಮಾಂಸದ ಭಾರಕ್ಕೆ ಬಾಗಿ, ಏದುಸಿರು ಬಿಡುತ್ತ ಇದೇ ಹಾದಿಯಲ್ಲಿ ಎರಡು ಮೂರು ಸಲ ಹೋಗಿ ಬರುವವರು ಸಿಗುತ್ತಾರೆ. ಅಂಥವರು ಎದುರಾದರೆ ಸೈಕಲ್ಲಿನವರು ತಾವಾಗಿ ಇಳಿದು ನಿಲ್ಲುತ್ತಾರೆ. ಹೊರೆ ಹೊತ್ತವನಿಗೆ ದಾರಿ ಬಿಡಬೇಕೆಂದು ಫಲಕ ಹಾಕಿ ಹೇಳಬೇಕಾಗಿಲ್ಲ.

ಎಲ್ಲವೂ ಸುಸೂತ್ರ ಎಂದರೆ ಸುಳ್ಳಾಗುತ್ತದೆ. ಮಳೆಯ ಮರುದಿನ ಕುದುರೆ ಹೋದರೆ ಗೊರಸಿನ ಗುಳಿಗಳು ಒಣಗಿ ಕಲ್ಲಾಗುತ್ತವೆ, ಅದರ ಮೇಲೆ ಸೈಕಲ್ ಓಡಿಸಿದರೆ ಹಲ್ಲು ಕಟಕಟ. ಸೈಕಲ್ಲಿನವರು ಬ್ರೇಕು ಬಿಗಿಹಿಡಿದು ಜಾರಿದರೆ ಹಾದಿಯ ನಡುವೆ ಗೆರೆ ಕೊರೆಯುತ್ತದೆ. ಮುಂದಿನ ಮಳೆಗೆ ಅದೇ ಕಾಲುವೆ. ಕುದುರೆಯವರು ಕಳೆಬೀಜವಿಲ್ಲವೆಂದು ಪ್ರಮಾಣಪತ್ರ ಪಡೆದ ಹುಲ್ಲನ್ನೇ ಕಾಡಿಗೆ ಒಯ್ಯಬೇಕು. ಅದಕ್ಕೆ ದುಡ್ಡು ಹೆಚ್ಚು. ಒಬ್ಬರ ಮೇಲೊಬ್ಬರ ದೂರು ತೀರುವುದೇ ಇಲ್ಲ. ಆ ದೂರು ಕರಗುವುದನ್ನು ನೋಡಬೇಕೆಂದರೆ ಹಾದಿ ದುರಸ್ತಿಯ ದಿನ ಬರಬೇಕು.

ಆ ದಿನ ಕೈಗೆ ಕೊಡುವ ಹತ್ಯಾರಿನ ಹೆಸರು ಪುಲಾಸ್ಕಿ. ಒಂದು ಬದಿ ಕೊಡಲಿ, ಇನ್ನೊಂದು ಬದಿ ಗುದ್ದಲಿ. ಹಾದಿಯ ನಿಜವಾದ ಶತ್ರು ನೀರು ಎಂಬುದು ಅರ್ಧ ಗಂಟೆ ಅಗೆಯುವಷ್ಟರಲ್ಲಿ ಎಲ್ಲರಿಗೂ ಮನವರಿಕೆಯಾಗುತ್ತದೆ. ನೀರು ಅಡ್ಡ ಹರಿದು ಹೋಗುವಂತೆ ಅಂಚು ಕಡಿದು, ಕಲ್ಲು ಕೂರಿಸಬೇಕು. ಕಾದಿಟ್ಟ ಕಾಡಿನಲ್ಲಿ ಮೋಟಾರು ಗರಗಸ ನಿಷಿದ್ಧ. ಬಿದ್ದ ಮರ ಕತ್ತರಿಸಲು ನಮ್ಮ ಮಲೆನಾಡಿನಲ್ಲಿ ಹಿಂದೆ ಮರ ಕುಯ್ಯುತ್ತಿದ್ದಂಥದೇ ಇಬ್ಬರಾಳಿನ ಗರಗಸ. ಅದನ್ನು ತಳ್ಳುವಂತಿಲ್ಲ, ತಳ್ಳಿದರೆ ಅಲಗು ಬಾಗಿ ಸಿಕ್ಕಿಕೊಳ್ಳುತ್ತದೆ. ನನ್ನ ಸರದಿ ಮುಗಿದ ಕೂಡಲೇ ಕೈ ಸಡಿಲಿಸಬೇಕು, ಆಗ ಆ ಬದಿಯವನು ಎಳೆಯುತ್ತಾನೆ. ಹೊಟ್ಟು ಉದುರುತ್ತದೆ, ರಾಳದ ವಾಸನೆ ಏಳುತ್ತದೆ, ಬೇಟೆಗಾರನಿಗೂ ಕುದುರೆಯವಳಿಗೂ ಒಂದೇ ತಾಳ ಹಿಡಿಯುತ್ತದೆ. ಹತ್ಯಾರು, ಅನ್ನದ ಸಾಮಾನು ಹೊತ್ತು ತಂದದ್ದು ಹೇಸರಗತ್ತೆ.

ಈ ಹಾದಿ ಹುಟ್ಟಿದ್ದೂ ಹೀಗೆಯೇ. 1970ರ ದಶಕದಲ್ಲಿ ಕೆಲಸ ಆರಂಭವಾಗಿ, ದುಡ್ಡಿಲ್ಲದೆ ಕುಂಟುತ್ತಿದ್ದಾಗ ಹಿಡಿದ ಪಟ್ಟು ಬಿಡದೆ ನಿಂತವರು ಗೂಡಿ ಗ್ಯಾಸ್ಕಿಲ್ ಎಂಬ ಮಹಿಳೆ. ಬೇಸಿಗೆ ಬಂದರೆ ಸಾಕು, ಸ್ವಯಂಸೇವಕರ ತಂಡ ಕಟ್ಟಿಕೊಂಡು ಬೆಟ್ಟಕ್ಕೆ ಹೊರಡುತ್ತಿದ್ದರು. ಅಂದಿನ ಗವರ್ನರ್ ರಿಚರ್ಡ್ ಲ್ಯಾಮ್ ಬೆಂಬಲಕ್ಕೆ ಬಂದರು. 1987ರಲ್ಲಿ ಹಾದಿ ತುದಿಯಿಂದ ತುದಿಗೆ ಕೂಡಿಕೊಂಡಿತು. ಗೂಡಿ 2016ರಲ್ಲಿ ತೀರಿಕೊಂಡರು. ಹಾದಿಯ ಒಂದೊಂದು ತುಂಡನ್ನು ದತ್ತು ತೆಗೆದುಕೊಂಡು ನೋಡಿಕೊಳ್ಳುವ ಕ್ರಮ ಇಂದಿಗೂ ನಡೆದಿದೆ.

ಹಾದಿಯ ಪಾಲುದಾರರಲ್ಲಿ ಇನ್ನೊಬ್ಬರಿದ್ದಾರೆ, ಅವರಿಗೆ ಬಾಯಿಲ್ಲ. ಓರೆಗಾನ್ ರಾಜ್ಯದ ಸ್ಟಾರ್ಕಿ ಪ್ರಾಯೋಗಿಕ ಅರಣ್ಯದಲ್ಲಿ ಎತ್ತರದ ಬೇಲಿಯೊಳಗಿನ ಎಲ್ಕ್‌ಗಳ ಕೊರಳಿಗೆ ಪಟ್ಟಿ ಕಟ್ಟಿ ವಿಜ್ಞಾನಿಗಳು ಅವುಗಳ ಓಡಾಟ ಅಳೆದರು. 2018ರಲ್ಲಿ ಪ್ರಕಟವಾದ ಆ ಅಧ್ಯಯನದಂತೆ ಮೋಟಾರು ಬಂಡಿಗೆ ಅವು ಅತಿ ಹೆಚ್ಚು ದೂರ ಸರಿದವು, ನಂತರ ಸೈಕಲ್ಲಿಗೆ. ಆದರೆ ನಡೆಯುವವರಿಗೂ ಕುದುರೆಗೂ ಕೂಡ ಅರ್ಧ ಕಿಲೋಮೀಟರಿನಷ್ಟು ಸರಿದೇ ಇದ್ದವು. ಅಂದರೆ ನಾವೆಲ್ಲ ಒಬ್ಬರಿಗೊಬ್ಬರು ನಗುನಗುತ್ತ ದಾರಿ ಬಿಟ್ಟುಕೊಂಡರೂ ಎಲ್ಕ್ ಪಾಲಿಗೆ ಮೇವಿನ ಜಾಗ ಕಿರಿದಾಗುತ್ತಲೇ ಹೋಗುತ್ತದೆ. ಅದಕ್ಕೆ ದಾರಿ ಬಿಡುವುದೆಂದರೆ ಸೈಕಲ್ ಇಳಿದು ಪಕ್ಕಕ್ಕೆ ನಿಂತರೆ ಸಾಲದು. ಮರಿ ಹಾಕುವ ತಿಂಗಳುಗಳಲ್ಲಿ ಕೆಲವು ಹಾದಿಗಳಿಗೆ ಹೋಗದೇ ಇರಬೇಕು. ಮನಸ್ಸಿಗೆ ಬಂದಲ್ಲಿ ಹೊಸ ಹಾದಿ ಕಡಿಯದಿರಬೇಕು. ಇಂಥಿಂಥ ಕಣಿವೆಗೆ ನಮ್ಮಲ್ಲಿ ಯಾರೂ ಹೋಗುವುದು ಬೇಡ ಎಂದು ಮೂರು ಪಂಗಡದವರೂ ಕೂಡಿ ಕೂತು ತೀರ್ಮಾನಿಸಬೇಕು. ಸುಲಭವಾಗಿ ನಿಲ್ಲಬಲ್ಲವರೇ ನಿಲ್ಲಬೇಕೆಂಬ ಕಟ್ಟಳೆ ಇಲ್ಲಿಗೂ ಸಲ್ಲುತ್ತದೆ: ನಮಗೆ ವಾರಾಂತ್ಯ ಕಳೆಯಲು ಹತ್ತು ಕಡೆ ಇವೆ, ಎಲ್ಕ್‌ಗೆ ಇರುವುದು ಈ ಬೆಟ್ಟ. ಇಬ್ಬರಾಳಿನ ಗರಗಸ ಹಿಡಿದು ಪಳಗಿದ ಈ ಜನ ಅಷ್ಟನ್ನು ಮಾಡಬಲ್ಲರು ಎಂಬುದು ನನ್ನ ಗಟ್ಟಿ ನಂಬಿಕೆ.