ನೊದಾಮೆಯ ಸಹವಾಸ

ಹೊಸಬರ ಪರಿಚಯದಲ್ಲಿ ಎರಡು ಬಗೆ ಉಂಟು. ಕೆಲವರು ಮೊದಲ ನೋಟದಲ್ಲಿಯೇ ಮನಸ್ಸನ್ನು ಸೆಳೆದು ನಾಲ್ಕು ದಿನ ಕಳೆಯುವುದರೊಳಗೆ ಬೇಸರವನ್ನು ತರುವರು. ಮತ್ತೆ ಕೆಲವರು ಬಂದ ದಿನ ‘ಇದೆಂಥ ಪ್ರಾಣಿಯಪ್ಪಾ’ ಎನ್ನಿಸಿ, ದಿನ ಕಳೆದಂತೆ ಮನೆಯವರೇ ಆಗಿಬಿಡುವರು. ನಾಟಕಗಳ ವಿಷಯದಲ್ಲಿಯೂ ಈ ಮಾತು ಸಲ್ಲುವುದೆಂಬುದನ್ನು ನಾನು ಈಚೆಗೆ ಒಂದು ಜಪಾನೀ ನಾಟಕದಿಂದ ತಿಳಿದುಕೊಂಡೆನು. ಅದು ರಂಗದ ಮೇಲಿನ ನಾಟಕವಲ್ಲ, ಟೆಲಿವಿಷನ್ನಿನ ಧಾರಾವಾಹಿ. ಹೆಸರು ‘ನೊದಾಮೆ ಕಾಂತಾಬಿಲೆ’. ‘ಕಾಂತಾಬಿಲೆ’ ಎಂಬುದು ಇಟಲಿಯ ಮಾತು. ವಾದ್ಯವನ್ನು ಹಾಡಿದಂತೆ ನುಡಿಸು ಎಂದು ಪಾಶ್ಚಾತ್ಯ ಸಂಗೀತಗಾರರು ಸ್ವರಲಿಪಿಯಲ್ಲಿ ಬರೆಯುವ ಸೂಚನೆ. ನೊದಾಮೆಯೆಂಬುದು ನಾಯಿಕೆಯ ಅಡ್ಡ ಹೆಸರು; ಅವಳ ನಿಜವಾದ ಹೆಸರು ನೊದಾ ಮೆಗುಮಿ.

ಈ ಕಥೆಯನ್ನು ಮೊದಲು ಚಿತ್ರಕಥೆಯಾಗಿ ಬರೆದವರು ತೊಮೊಕೊ ನಿನೊಮಿಯಾ ಎಂಬ ಲೇಖಕಿ. ಅದು 2001ನೆಯ ಇಸವಿಯಿಂದ ಒಂದು ಪತ್ರಿಕೆಯಲ್ಲಿ ಬಿಡಿಬಿಡಿಯಾಗಿ ಬಂದು, 2004ರಲ್ಲಿ ಕೊದಾನ್ಶಾ ಬಹುಮಾನವನ್ನು ಪಡೆಯಿತು. 2006ನೆಯ ಅಕ್ಟೋಬರಿನಿಂದ ಡಿಸೆಂಬರಿನವರೆಗೆ ಫೂಜಿ ಟೆಲಿವಿಷನ್ನಿನವರು ಪ್ರತಿ ಸೋಮವಾರ ರಾತ್ರಿ ಅದನ್ನು ಹನ್ನೊಂದು ಕಂತುಗಳ ನಾಟಕವಾಗಿ ತೋರಿಸಿದರು. ನಾಯಿಕೆಯ ಪಾತ್ರ ಜೂರಿ ಉಯೆನೊ ಎಂಬ ನಟಿಯದು. ನಾಯಕನಾದ ಚಿಯಾಕಿಯ ಪಾತ್ರ ಹಿರೋಶಿ ತಮಾಕಿಯವರದು.

ನನ್ನ ಕಿರಿಯ ಮಗಳು ಇದನ್ನು ಮನೆಗೆ ತಂದಳು. ಮಾತು ಜಪಾನೀಯದು, ಅರ್ಥ ಕೆಳಗೆ ಇಂಗ್ಲಿಷಿನಲ್ಲಿ ಅಚ್ಚಾಗಿ ಬರುವುದು. ಮೊದಲ ಕಂತನ್ನು ನೋಡಿ ನನಗೆ ಆದದ್ದು ಸಂತೋಷವಲ್ಲ, ಸಿಡುಕು. ನಾಯಿಕೆಯ ಕೋಣೆ ಕಸದ ತಿಪ್ಪೆ. ಅವಳಿಗೆ ತಲೆ ತೊಳೆದುಕೊಳ್ಳುವುದಕ್ಕೂ ಸೋಮಾರಿತನ. ಕಂಡವರ ಊಟದ ಡಬ್ಬಿಗೆ ಕೈ ಹಾಕುವಳು. ಕೋಪ ಬಂದ ನಾಯಕನು ಅವಳನ್ನು ಎತ್ತಿ ಎಸೆದರೆ, ಹತ್ತಿಯ ಬೊಂಬೆಯ ಹಾಗೆ ಗಾಳಿಯಲ್ಲಿ ತೂರಿಹೋಗಿ, ‘ಗ್ಯಾಬೋ’ ಎಂದು ಅರ್ಥವಿಲ್ಲದ ಒಂದು ಕೂಗನ್ನು ಕೂಗುವಳು. ಮಕ್ಕಳಿಗೆಂದು ಅವಳು ಕಟ್ಟಿದ ಹಾಡಿನ ವಸ್ತುವಂತೂ ಅಪಾನವಾಯು! ಸಂಗೀತವೆಂಬ ಪವಿತ್ರ ವಿದ್ಯೆಯ ಸುತ್ತ ಇಂಥ ಕೋಡಂಗಿಯಾಟವೇಕೆ ಎಂದು ನಾನು ಎದ್ದುಹೋಗುವುದರಲ್ಲಿದ್ದೆನು. ಮಗಳು, “ಅಪ್ಪಾ, ಇನ್ನೆರಡು ಕಂತು ನೋಡು, ಆಮೇಲೆ ಬೇಕಾದಷ್ಟು ಬೈಯುವೆಯಂತೆ” ಎಂದಳು. ಬೈಯುವ ಅಧಿಕಾರವನ್ನಾದರೂ ಸಂಪಾದಿಸಿಕೊಳ್ಳೋಣವೆಂದು ಕುಳಿತೆನು.

ಹೀಗೆ ಕುಳಿತಾಗ ನನಗೆ ನೆನಪಾದದ್ದು ನಮ್ಮ ಭರತಮುನಿ. ವಿಕೃತವಾದ ವೇಷದಿಂದಲೂ, ವಿಕೃತವಾದ ಮಾತು ಚೇಷ್ಟೆಗಳಿಂದಲೂ ಹಾಸ್ಯವು ಹುಟ್ಟುವುದೆಂದು ಆತನು ಹೇಳಿರುವುದುಂಟು. ಹಾಸ್ಯವನ್ನು ಎಂಟು ರಸಗಳ ಪಂಕ್ತಿಯಲ್ಲಿ ಶೃಂಗಾರದ ಪಕ್ಕದಲ್ಲಿಯೇ ಕುಳ್ಳಿರಿಸಿರುವುದೂ ಉಂಟು. ಕಾಳಿದಾಸನ ಮಾಳವಿಕಾಗ್ನಿಮಿತ್ರವೂ ಸಂಗೀತ ನೃತ್ಯಗಳ ಗುರುಶಿಷ್ಯರ ನಾಟಕವೇ ಅಲ್ಲವೆ? ಗಣದಾಸ ಹರದತ್ತರೆಂಬ ಇಬ್ಬರು ನಾಟ್ಯಾಚಾರ್ಯರು ತಮ್ಮಲ್ಲಿ ಯಾರು ಮೇಲೆಂದು ಜಗಳವಾಡಿ, ಶಿಷ್ಯರ ಮೂಲಕ ಅದನ್ನು ತೋರಿಸುವುದಕ್ಕೆ ಹೊರಡುವರು. ವಿದೂಷಕನು ನಡುವೆ ನಿಂತು ಎಲ್ಲರನ್ನೂ ನಗಿಸುವನು. ಆ ನಗೆಯನ್ನು ಐವತ್ತು ಸಲ ಪಾಠ ಹೇಳಿದವನಿಗೆ ಈ ನಗೆ ಏಕೆ ಸಹಿಸಬಾರದು? ಇಲ್ಲಿ ವಿದೂಷಕನೂ ನಾಯಿಕೆಯೂ ಒಂದೇ ಆಗಿರುವುದಷ್ಟೆ ಹೊಸದು. ಹೀಗೆಂದು ತಿಳಿದ ಮೇಲೆ ನನ್ನ ಸಿಡುಕು ಅರ್ಧ ಇಳಿಯಿತು.

ಕಥೆಯನ್ನು ಸ್ವಲ್ಪ ಹೇಳಬೇಕು. ಚಿಯಾಕಿಯು ಸಂಗೀತದ ಕಾಲೇಜೊಂದರಲ್ಲಿ ಪಿಯಾನೋ ಕಲಿಯುವ ಹುಡುಗ, ಶ್ರದ್ಧೆ, ಶಿಸ್ತು, ಬುದ್ಧಿ ಯಾವುದಕ್ಕೂ ಕಡಿಮೆಯಿಲ್ಲ, ಗರ್ವಕ್ಕೂ ಇಲ್ಲ. ಅವನಿಗೆ ಬೇಕಾದದ್ದು ವಾದ್ಯವೃಂದದ ನಾಯಕತ್ವ. ಪಾಶ್ಚಾತ್ಯ ಸಂಗೀತದಲ್ಲಿ ನೂರಾರು ಜನ ಕೂಡಿ ನುಡಿಸುವಾಗ, ತಾನು ಒಂದು ವಾದ್ಯವನ್ನೂ ಮುಟ್ಟದೆ, ಕೈಯಲ್ಲಿ ಸಣ್ಣ ಕಡ್ಡಿಯನ್ನು ಹಿಡಿದು, ನಮ್ಮ ನಟ್ಟುವನಾರನಂತೆ ಎಲ್ಲರನ್ನೂ ನಡೆಸುವವನೇ ಆ ನಾಯಕ. ಈ ವಿದ್ಯೆಗೆ ಯೂರೋಪಿಗೆ ಹೋಗಬೇಕು. ಚಿಕ್ಕಂದಿನಲ್ಲಿ ವಿಮಾನದಲ್ಲಿ ಒಮ್ಮೆ ಪ್ರಾಣಭಯವನ್ನು ಕಂಡ ಅವನಿಗೆ ವಿಮಾನವೆಂದರೆ ನಡುಕ, ಸಮುದ್ರವೂ ಹಾಗೆಯೇ. ಆದಕಾರಣ ದ್ವೀಪದಲ್ಲಿ ಸೆರೆಯಾದಂತೆ ಇರುವನು. ಒಂದು ರಾತ್ರಿ ಕುಡಿದು ಬಿದ್ದವನು ಬೆಳಗ್ಗೆ ಕಣ್ಣು ಬಿಟ್ಟರೆ, ಆ ಕಸದ ಕೋಣೆಯಲ್ಲಿ ನೊದಾಮೆಯು ಬೆಟೋವೆನ್ನನ ‘ಪತೆತಿಕ್’ ಸೊನಾಟವನ್ನು ಪಿಯಾನೋದ ಮೇಲೆ ಹಾಡಿದಂತೆ ನುಡಿಸುತ್ತಿರುವಳು.

ಅವಳ ದೋಷವೇನೆಂದರೆ, ಅವಳು ಸ್ವರಲಿಪಿಯನ್ನು ಗಮನಿಸುವುದಿಲ್ಲ. ಒಮ್ಮೆ ಕೇಳಿದ್ದನ್ನು ಕಿವಿಯಿಂದಲೇ ಹಿಡಿದು, ತನಗೆ ತೋರಿದಂತೆ ನುಡಿಸುವಳು. ನಮ್ಮವರಿಗೆ ಇದು ದೋಷವೆಂದು ತೋರದಿರಬಹುದು. ಕರ್ಣಪರಂಪರೆಯೂ ಮನೋಧರ್ಮವೂ ನಮ್ಮ ಸಂಗೀತದ ಎರಡು ಕಣ್ಣುಗಳಷ್ಟೆ. ಆದರೆ ಆ ಸಂಗೀತದಲ್ಲಿ ಕರ್ತೃವು ಬರೆದದ್ದೇ ಶಾಸನ. ಹೀಗಿರಲು ಮೊಜಾರ್ಟನು 1781ರಲ್ಲಿ ಎರಡು ಪಿಯಾನೋಗಳಿಗೆಂದು ರಚಿಸಿದ ಸೊನಾಟವನ್ನು ಈ ಇಬ್ಬರೂ ಕೂಡಿ ನುಡಿಸಬೇಕೆಂದು ತನಿಯೊಕಾ ಎಂಬ ಗುರುವು ಅಪ್ಪಣೆ ಮಾಡುವನು. ಮೊಜಾರ್ಟನು ಇದನ್ನು ತಾನೂ ತನ್ನ ಶಿಷ್ಯೆಯೊಬ್ಬಳೂ ಕೂಡಿ ನುಡಿಸುವುದಕ್ಕೆಂದೇ ಬರೆದದ್ದು. ಚಿಯಾಕಿಯು ದಿನಗಟ್ಟಲೆ ಬೈದು ತಿದ್ದುವನು. ತಿದ್ದಿದಷ್ಟೂ ಅವಳ ಭುಜಗಳು ಬಿಗಿಯಾಗಿ ನಾದವು ಸಾಯುವುದು. ಕೊನೆಗೆ, ನಿನಗೆ ಬಂದಂತೆ ನುಡಿಸು, ನಾನು ನಿನ್ನನ್ನು ಅನುಸರಿಸುವೆನೆಂದು ಹೇಳಿ ಬಿಟ್ಟುಬಿಡುವನು. ಆಗ ಎರಡು ಪಿಯಾನೋಗಳೂ ಒಂದನ್ನೊಂದು ಕರೆಯುತ್ತ, ಓಡುತ್ತ, ಹಿಡಿಯುತ್ತ ಹೋಗುವುದನ್ನು ಕೇಳಿದಾಗ, ಕಾಲು ಮೇಲೆ ಕಾಲು ಹಾಕಿ ಕುಳಿತಿದ್ದ ನಾನು ನೆಟ್ಟಗೆ ಕುಳಿತೆನು. ಮಗಳು ನನ್ನ ಕಡೆ ನೋಡಿದಳು, ಮಾತನಾಡಲಿಲ್ಲ.

ಅಲ್ಲಿಂದ ಮುಂದೆ ಜರ್ಮನಿಯಿಂದ ಒಬ್ಬ ಮಹಾವಿದ್ವಾಂಸನು ಬರುವನು. ಪಾತ್ರ ಜರ್ಮನಿಯವನದು, ಬಿಳಿಯ ಕೂದಲ ಟೋಪನ್ನು ಹಾಕಿಕೊಂಡು ನಟಿಸಿರುವವರು ಜಪಾನಿನವರೇ ಆದ ನವೊತೊ ತಕೆನಾಕಾ. ವಿದ್ಯೆಯಲ್ಲಿ ಎಷ್ಟು ದೊಡ್ಡವನೋ ನಡತೆಯಲ್ಲಿ ಅಷ್ಟೇ ಹಗುರ. ಅವನು ಕಾಲೇಜಿನಲ್ಲಿ ಯಾರಿಗೂ ಬೇಡವಾದ ಹುಡುಗ ಹುಡುಗಿಯರನ್ನು ಆರಿಸಿ ಒಂದು ವಾದ್ಯವೃಂದವನ್ನು ಕಟ್ಟಿ, ಚಿಯಾಕಿಯನ್ನು ತನ್ನ ಸಹಾಯಕನನ್ನಾಗಿ ಮಾಡಿಕೊಳ್ಳುವನು. ಚಿಯಾಕಿಯ ಕಿವಿ ಸೂಕ್ಷ್ಮ. ಯಾರು ಎಲ್ಲಿ ತಪ್ಪಿದರೆಂಬುದನ್ನು ಹೆಸರು ಹಿಡಿದು ಹೇಳಬಲ್ಲನು, ಹೇಳಿಯೂ ಹೇಳುವನು. ಹೇಳಿದಂತೆಲ್ಲ ವೃಂದವು ಕುಗ್ಗುವುದು. ಮುದುಕನು ಬಂದು ಕಡ್ಡಿಯನ್ನು ಹಿಡಿದರೆ ಅದೇ ಮಕ್ಕಳು ಅರಳುವರು. ತಪ್ಪನ್ನು ಕಂಡುಹಿಡಿಯುವುದು ಒಂದು ವಿದ್ಯೆ. ತಪ್ಪಿದವನಿಂದ ಸರಿಯಾದದ್ದನ್ನು ಹೊರಡಿಸುವುದು ಬೇರೊಂದು ವಿದ್ಯೆ. ಚಿಯಾಕಿಗೆ ಇದು ತಿಳಿಯುವುದಕ್ಕೆ ಕೆಲವು ಕಂತುಗಳು ಹಿಡಿದುವು. ನನಗೆ ಎಷ್ಟು ಹಿಡಿಯಿತೆಂಬುದನ್ನು ಮುಂದೆ ಹೇಳುವೆನು.

ಈ ವೃಂದವು ನುಡಿಸುವುದು ಬೆಟೋವೆನ್ನನ ಏಳನೆಯ ಸಿಂಫೊನಿಯನ್ನು; ನಾಟಕದ ಮೊದಲಲ್ಲಿ ಪ್ರತಿ ಸಲವೂ ಮೊಳಗುವುದು ಇದೇ. 1813ನೆಯ ಡಿಸೆಂಬರ್ 8ರಂದು ವಿಯೆನ್ನಾ ನಗರದಲ್ಲಿ, ಗಾಯಗೊಂಡ ಸೈನಿಕರ ಸಹಾಯಾರ್ಥವಾಗಿ ಇದನ್ನು ಮೊದಲು ನುಡಿಸಿದಾಗ ಬೆಟೋವೆನ್ನನೇ ನಿಂತು ನಡೆಸಿದನು. ಅಷ್ಟು ಹೊತ್ತಿಗೆ ಅವನ ಕಿವಿ ಬಹುಮಟ್ಟಿಗೆ ಮಂದವಾಗಿದ್ದಿತು. ಕಿವುಡನೊಬ್ಬನು ಇಷ್ಟು ಕುಣಿತವನ್ನು ಎಲ್ಲಿಂದ ತಂದನೋ! ಮತ್ತೊಂದು ಸಂದರ್ಭದಲ್ಲಿ ಚಿಯಾಕಿಯು ರಷ್ಯಾದ ರಖ್ಮಾನಿನೊಫನ ಎರಡನೆಯ ಪಿಯಾನೋ ಕಾಂಚೆರ್ಟೊವನ್ನು ನುಡಿಸುವನು. ಆ ಕರ್ತೃವಿನ ಮೊದಲನೆಯ ಸಿಂಫೊನಿಯು 1897ರಲ್ಲಿ ಸಭೆಯಲ್ಲಿ ಸೋತು, ಅವನು ಮನಸ್ಸು ಮುರಿದು ಕೆಲವು ವರ್ಷ ರಚನೆಯನ್ನೇ ಬಿಟ್ಟಿದ್ದನು. ಡಾಕ್ಟರ್ ದಾಲ್ ಎಂಬ ವೈದ್ಯನು ಅವನಿಗೆ ಧೈರ್ಯವನ್ನು ತುಂಬಿದನು. ಹಾಗೆ ಎದ್ದು ಬರೆದ ಈ ಕೃತಿಯನ್ನು ಅವನು ಆ ವೈದ್ಯನಿಗೇ ಅರ್ಪಿಸಿದನು; 1901ರಲ್ಲಿ ಅದು ಪೂರ್ಣವಾಗಿ ಸಭೆಗೆ ಬಂದಿತು. ನಾಟಕದವರು ಇಂಥ ಕೃತಿಗಳನ್ನು ಸುಮ್ಮನೆ ಪೋಣಿಸಿಲ್ಲ. ಸೋತವರು ಏಳುವ ಕಥೆಗೆ ಸೋತು ಎದ್ದವರ ನಾದವನ್ನೇ ಆರಿಸಿಕೊಂಡಿರುವರು.

ಜಪಾನಿನವರಿಗೆ ಈ ಪರದೇಶದ ಸಂಗೀತದಲ್ಲಿ ಇಷ್ಟು ಪ್ರವೇಶ ಹೇಗೆ ಬಂದಿತೆಂದು ವಾಚಕರು ಕೇಳಬಹುದು. ಅದು ಪಾಠಶಾಲೆಯಿಂದಲೇ ಬಂದದ್ದು. ಇಜಾವಾ ಶೂಜಿ ಎಂಬ ವಿದ್ಯಾಧಿಕಾರಿಯು 1880ರಲ್ಲಿ ಅಮೆರಿಕದ ಬಾಸ್ಟನ್ನಿನಿಂದ ಲೂಥರ್ ಮೇಸನ್ನನೆಂಬ ಸಂಗೀತದ ಉಪಾಧ್ಯಾಯನನ್ನು ಬರಮಾಡಿಕೊಂಡು, ಪಾಶ್ಚಾತ್ಯ ಮಟ್ಟುಗಳಿಗೆ ಜಪಾನೀ ಮಾತುಗಳನ್ನು ಹೊಂದಿಸಿ ಮಕ್ಕಳಿಗೆ ಹಾಡುಗಳನ್ನು ಸಿದ್ಧಮಾಡಿಸಿದನು. 1887ರಲ್ಲಿ ಟೋಕಿಯೋ ಸಂಗೀತ ಶಾಲೆ ಹುಟ್ಟಿತು. 1918ರಲ್ಲಿ ಬಾಂದೊ ಎಂಬಲ್ಲಿ ಸೆರೆಯಾಗಿದ್ದ ಜರ್ಮನ್ ಸೈನಿಕರು ಬೆಟೋವೆನ್ನನ ಒಂಬತ್ತನೆಯ ಸಿಂಫೊನಿಯನ್ನು ಸೆರೆಯಲ್ಲಿಯೇ ನುಡಿಸಿ ಹಾಡಿದರು. ಆ ದೇಶದಲ್ಲಿ ಅದು ಪೂರ್ಣವಾಗಿ ಕೇಳಿಸಿದ್ದು ಅದೇ ಮೊದಲು. ಹೀಗೆ ತಲೆಮಾರುಗಳ ಕಾಲ ಬೇರೂರಿದ ಗಿಡಕ್ಕೆ ಈ ನಾಟಕವು ಒಂದು ಹೂ.

ಇನ್ನು ನನ್ನನ್ನು ನಿಜವಾಗಿ ಹಿಡಿದ ಭಾಗಕ್ಕೆ ಬರುವೆನು. ಆ ಕಾಲೇಜಿನಲ್ಲಿ ಎತೋ ಎಂಬ ಇನ್ನೊಬ್ಬ ಗುರುವುಂಟು. ಅವನ ಕೈಯಲ್ಲಿ ಯಾವಾಗಲೂ ಮಡಿಸಿದ ಕಾಗದದ ದೊಡ್ಡ ಬೀಸಣಿಗೆ. ಅದು ಗಾಳಿಗಲ್ಲ, ಶಿಷ್ಯರನ್ನು ಹೊಡೆಯುವುದಕ್ಕೆ. ಜಪಾನಿನ ವಿನೋದಗಳಲ್ಲಿ ಆ ಬೀಸಣಿಗೆಯ ಪೆಟ್ಟಿಗೆ ಎಲ್ಲರೂ ನಗುವರು. ನೊದಾಮೆಯ ಶಕ್ತಿಯನ್ನು ಕಂಡ ಎತೋ ಅವಳನ್ನು ತಾನೇ ತಿದ್ದುವೆನೆಂದು ಹೊರಟು ಬೀಸಣಿಗೆಯನ್ನು ಎತ್ತುವನು. ಇಲ್ಲಿ ನಗೆಯು ಥಟ್ಟನೆ ನಿಲ್ಲುವುದು. ಚಿಕ್ಕ ಮಗುವಾಗಿದ್ದಾಗ ಅವಳಿಗೆ ಪಾಠ ಹೇಳುತ್ತಿದ್ದ ಒಬ್ಬನು ಅವಳು ಮಹಾವಿದುಷಿಯಾಗಬೇಕೆಂಬ ಆತುರದಲ್ಲಿ ಹೊಡೆದಿದ್ದನು. ಅಂದಿನಿಂದ ಅವಳು ಶಿಕ್ಷೆಯ ಸಂಗೀತವೇ ಬೇಡ, ಶಿಶುವಿಹಾರದಲ್ಲಿ ಮಕ್ಕಳಿಗೆ ಹಾಡು ಹೇಳಿಕೊಡುವವಳಾಗುವೆನೆಂದು ನಿಶ್ಚಯಿಸಿಕೊಂಡಿರುವಳು. ಅವಳ ಕೋಡಂಗಿತನ, ಆ ಅಸಹ್ಯವಾದ ಹಾಡು, ಎಲ್ಲವೂ ಒಂದು ಮಗು ತನ್ನ ಸಂತೋಷವನ್ನು ದೊಡ್ಡವರ ಕೈಗೆ ಸಿಕ್ಕದಂತೆ ಬಚ್ಚಿಟ್ಟುಕೊಂಡ ಮೂಲೆಗಳೆಂದು ಆಗ ನಮಗೆ ತಿಳಿಯುವುದು. ಎತೋವಿಗೂ ತಿಳಿಯುವುದು. ಅವನು ಬೀಸಣಿಗೆಯನ್ನು ಬಿಟ್ಟು ಅವಳ ಮಕ್ಕಳ ಹಾಡಿನ ದಾರಿಯಿಂದಲೇ ಅವಳ ಬಳಿಗೆ ಹೋಗುವನು.

ಆ ಕಂತು ಮುಗಿದ ಮೇಲೆ ನನಗೆ ನಿದ್ರೆ ಬರಲಿಲ್ಲ. ಸುಮಾರು ಮೂವತ್ತು ವರ್ಷಗಳ ಹಿಂದೆ ನನ್ನ ತರಗತಿಯಲ್ಲಿ ಒಬ್ಬ ಹುಡುಗನಿದ್ದನು. ಅವನಿಗೆ ಸಂಸ್ಕೃತದ ಶಬ್ದರೂಪಗಳನ್ನು ಬಾಯಿಪಾಠ ಹೇಳೆಂದರೆ, ರಾಮ ಶಬ್ದವನ್ನು ಅವರ ಊರ ಜಾತ್ರೆಯ ಕೋಲಾಟದ ಮಟ್ಟಿನಲ್ಲಿ ಹಾಡಿಬಿಡುತ್ತಿದ್ದನು. ಏಳು ವಿಭಕ್ತಿಗಳಲ್ಲಿ ಒಂದೂ ತಪ್ಪುತ್ತಿರಲಿಲ್ಲ. ತರಗತಿಯೆಲ್ಲ ನಗುತ್ತ ಕೂಡಿ ಹಾಡುತ್ತಿತ್ತು. ದೇವಭಾಷೆಗೆ ಇದು ಅಪಚಾರವೆಂದು ನಾನು ಒಂದು ದಿನ ಬೆರಳ ಗೆಣ್ಣುಗಳ ಮೇಲೆ ಬೆತ್ತದಿಂದ ನಾಲ್ಕು ಕೊಟ್ಟೆನು. ಮಾರನೆಯ ದಿನದಿಂದ ಅವನು ಮಟ್ಟಿಲ್ಲದೆ, ಸರಿಯಾಗಿ ಹೇಳಿದನು. ಮತ್ತೆ ಎಂದೂ ನನ್ನ ಮುಂದೆ ಹಾಡಲಿಲ್ಲ. ಎಷ್ಟೋ ವರ್ಷಗಳ ಮೇಲೆ ಸಂತೆಯಲ್ಲಿ ಸಿಕ್ಕಿ, ಕಾಲಿಗೆ ಬಿದ್ದು, “ನಿಮ್ಮ ಏಟಿನಿಂದಲೇ ಸ್ವಾಮೀ, ನಮಗೆ ನಾಲ್ಕಕ್ಷರ ಬಂದದ್ದು” ಎಂದನು. ಅಂದು ಆ ಮಾತು ನನಗೆ ಹಿತವಾಗಿ ಕೇಳಿಸಿತು. ಈಗ ಹಾಗೆ ಕೇಳಿಸುವುದಿಲ್ಲ. ಏನು ಬಂದಿತೆಂಬುದನ್ನು ಅವನು ಹೇಳಿದನು. ಏನು ಹೋಯಿತೆಂಬುದನ್ನು ನಾನು ಕೇಳಲಿಲ್ಲ.

ಹಾಗಾದರೆ ಶಿಸ್ತೇ ಬೇಡವೆಂದು ಈ ನಾಟಕವು ಹೇಳುವುದೋ? ಇಲ್ಲ, ಅದರ ಹಿರಿಮೆ ಇರುವುದೇ ಇಲ್ಲಿ. ನೊದಾಮೆಯು ಎತೋವಿನ ಪಾಠದಿಂದ ಒಂದು ದೊಡ್ಡ ಸ್ಪರ್ಧೆಗೆ ನಿಲ್ಲುವಳು. ಕೊನೆಯ ಸುತ್ತಿನ ಕೃತಿಯನ್ನು ಕಲಿಯುವುದಕ್ಕೆ ವೇಳೆ ಸಾಲದೆ, ಸಭೆಯ ನಡುವೆ ಮರೆತು, ಅದರೊಳಗೆ ಅಡಿಗೆಯ ಕಾರ್ಯಕ್ರಮವೊಂದರ ಮಟ್ಟು ನುಸುಳುವುದು. ತನಗೆ ತೋರಿದ್ದನ್ನು ಸೇರಿಸಿ ಸೊಗಸಾಗಿಯೇ ಮುಗಿಸಿದರೂ ಬಹುಮಾನ ಬರುವುದಿಲ್ಲ. ಸೊಗಸಿದ್ದರೆ ಸಾಲದು, ಪಾಠವೂ ಬೇಕೆಂದು ನಾಟಕವು ದಾಕ್ಷಿಣ್ಯವಿಲ್ಲದೆ ಹೇಳುವುದು. ಅವಳು ಎಲ್ಲವನ್ನೂ ಬಿಟ್ಟು ಫುಕುವೊಕಾ ಸೀಮೆಯ ತನ್ನ ಹುಟ್ಟೂರಿಗೆ ಹೋಗಿಬಿಡುವಳು. ಮುಂದಿನ ಕಥೆಯನ್ನು ನಾನು ಹೇಳಿದರೆ ನೋಡುವವರ ಸ್ವಾರಸ್ಯ ಕೆಡುವುದು. ಚಿಯಾಕಿಗೆ ಅಂಜಿಕೆ ಬಿಟ್ಟದ್ದು ಅವಳಿಂದ, ಅವಳಿಗೆ ಸ್ವರಲಿಪಿಯಲ್ಲಿ ಗೌರವ ಬಂದದ್ದು ಅವನಿಂದ ಎಂದಷ್ಟು ಹೇಳಿದರೆ ಸಾಕು. ಕಥೆಯು ಆಮೇಲೆ ಪ್ಯಾರಿಸ್ಸಿಗೆ ಹೋಗಿ, 2008ರ ಎರಡು ವಿಶೇಷ ಕಂತುಗಳಲ್ಲಿಯೂ, 2009 ಮತ್ತು 2010ರ ಎರಡು ಚಲಚ್ಚಿತ್ರಗಳಲ್ಲಿಯೂ ಮುಂದುವರಿದಿದೆ.

ಇದನ್ನು ಮನೆಯಲ್ಲಿ ನೋಡುವವರಿಗೆ ನನ್ನ ಸೂಚನೆ ಎರಡು. ಆ ಜರ್ಮನ್ ಮುದುಕನ ಸ್ತ್ರೀಲೋಲತೆಯ ವಿನೋದವು ನನಗೆ ಕೊನೆಯವರೆಗೂ ರುಚಿಸಲಿಲ್ಲ. ಚಿಕ್ಕ ಮಕ್ಕಳಿದ್ದರೆ ಹಿರಿಯರು ಜೊತೆಗಿರುವುದು ಮೇಲು. ಎರಡನೆಯದು, ಮೂರು ಕಂತುಗಳವರೆಗೆ ತಾಳ್ಮೆಯಿಂದಿರಬೇಕು. ಹೊಸ ರಾಗವನ್ನು ಕೇಳುವವನು ಆರೋಹಣದ ನಡುವೆ ಎದ್ದುಹೋಗಬಾರದಷ್ಟೆ.

ಹನ್ನೊಂದನೆಯ ಕಂತು ಮುಗಿದ ರಾತ್ರಿ ಮಗಳು, “ಈಗ ಬೈಯಪ್ಪಾ” ಎಂದಳು. ನಾನು, “ಎರಡು ಪಿಯಾನೋಗಳ ಆ ಪಾಠವನ್ನು ಇನ್ನೊಂದು ಸಲ ಹಾಕಮ್ಮಾ” ಎಂದೆನು.